ಸೆಡಾನೋ ಕ್ರಾಸ್‌ಓವರೋ: ಲಕ್ಷುರಿ ಕಾರುಗಳನ್ನು ತೂಗಿ ನೋಡುವ ಬಗೆ

ಲಕ್ಷುರಿ ಕಾರು ಕೊಳ್ಳಲು ಹೊರಟವರು ಮರ್ಸಿಡಿಸ್ ಜಿಎಲ್‌ಸಿಯನ್ನು ಬಿಎಂಡಬ್ಲ್ಯು ಎಕ್ಸ್3 ಜೊತೆಗೆ, ಎಕ್ಸ್3 ಅನ್ನು ಆಡಿ ಕ್ಯೂ5 ಜೊತೆಗೆ ಹೋಲಿಸುತ್ತಾರೆ. ಕಂಪನಿಗಳಿಗೂ ಅದೇ ಅನುಕೂಲ. ಇವೆಲ್ಲ ಕ್ರಾಸ್‌ಓವರ್‌ಗಳು, ಅಂದರೆ ಕಾರಿನ ತಳಹದಿಯ ಮೇಲೆ ಕಟ್ಟಿದ ಎತ್ತರದ ಗಾಡಿಗಳು. ಕ್ರಾಸ್‌ಓವರ್ ಪಕ್ಕ ಇನ್ನೊಂದು ಕ್ರಾಸ್‌ಓವರ್ ನಿಂತರೆ, ಆ ಎತ್ತರಕ್ಕಾಗಿ ಏನೇನು ಬಿಟ್ಟುಕೊಡುತ್ತಿದ್ದೇವೆ ಎನ್ನುವ ಪ್ರಶ್ನೆಯೇ ಏಳುವುದಿಲ್ಲ. ಹಾಗಾಗಿ ಮೊದಲ ಹೋಲಿಕೆ ಒಂದೇ ಕಂಪನಿಯೊಳಗೆ ನಡೆಯಲಿ. ಕಣ್ಣಿಗೆ ಬಿದ್ದ ಕ್ರಾಸ್‌ಓವರ್ ಯಾವ ಸೆಡಾನಿನ (ಡಿಕ್ಕಿ ಬೇರೆಯಿರುವ ತಗ್ಗು ಕಾರಿನ) ಒಡಹುಟ್ಟು ಎಂದು ಗುರುತಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಬ್ರ್ಯಾಂಡುಗಳ ಪೈಪೋಟಿಯನ್ನು ಆಮೇಲೆ ನೋಡಿದರಾಯಿತು.

ಜೋಡಿ ಹುಡುಕುವುದು

1997ರಲ್ಲಿ ಬಂದ ಮರ್ಸಿಡಿಸ್ ಎಂ-ಕ್ಲಾಸ್ ಲಾರಿಯಂತೆ ಪ್ರತ್ಯೇಕ ಚಾಸಿಸ್ ಮೇಲೆ ಕೂತ ಗಾಡಿ. ಮರುವರ್ಷ ಲೆಕ್ಸಸ್ ಆರ್‌ಎಕ್ಸ್ ಬಂದಿದ್ದು ಟೊಯೊಟಾ ಕ್ಯಾಮ್ರಿ ಸೆಡಾನಿನ ತಳಹದಿಯ ಮೇಲೆ. ಗೆದ್ದಿದ್ದು ಈ ಎರಡನೆಯ ದಾರಿ. 1999ರ ಬಿಎಂಡಬ್ಲ್ಯು ಎಕ್ಸ್5, 2002ರ ವೋಲ್ವೊ ಎಕ್ಸ್‌ಸಿ90 ಕೂಡ ಕಾರಿನ ಜಾತಿಯವೇ. ಎಂ-ಕ್ಲಾಸ್ ಕೂಡ ಎರಡನೇ ತಲೆಮಾರಿನಲ್ಲಿ ಚಾಸಿಸ್ ಬಿಟ್ಟಿತು. ಆದ್ದರಿಂದ ಈಗಿನ ಬಹುಪಾಲು ಲಕ್ಷುರಿ ಕ್ರಾಸ್‌ಓವರ್‌ಗಳಿಗೆ ಒಂದು ಸೆಡಾನ್ ಜೋಡಿ ಸಿಕ್ಕೇ ಸಿಗುತ್ತದೆ.

ಮರ್ಸಿಡಿಸ್‌ನಲ್ಲಿ ಇದು ಸುಲಭ. 2015ರಲ್ಲಿ ಹೆಸರಿಡುವ ಕ್ರಮ ಬದಲಾದ ಮೇಲೆ ಜಿಎಲ್ ನಂತರದ ಅಕ್ಷರವೇ ಸೆಡಾನಿನ ದರ್ಜೆ: ಜಿಎಲ್‌ಸಿಗೆ ಸಿ-ಕ್ಲಾಸ್, ಜಿಎಲ್‌ಇಗೆ ಇ-ಕ್ಲಾಸ್. ಬಿಎಂಡಬ್ಲ್ಯುವಿನಲ್ಲಿ ಎಕ್ಸ್3ಗೆ 3 ಸರಣಿ, ಎಕ್ಸ್5ಗೆ 5 ಸರಣಿ. ಎಕ್ಸ್4, ಎಕ್ಸ್6ನಂಥ ಸಮಸಂಖ್ಯೆಯವು ಹಿಂದಕ್ಕೆ ಇಳಿಜಾರಾದ ಚಾವಣಿಯವು. ವೋಲ್ವೊದಲ್ಲಿ ಎಸ್60ಗೆ ಎಕ್ಸ್‌ಸಿ60, ಜೆನೆಸಿಸ್‌ನಲ್ಲಿ ಜಿ70ಗೆ ಜಿವಿ70. ಆಡಿಯ ಅಂಕಿ ಮಾತ್ರ ಬಹುಕಾಲ ದಾರಿ ತಪ್ಪಿಸುತ್ತಿತ್ತು: 2024ರಲ್ಲಿ ಹೊಸ ಎ5 ಬರುವವರೆಗೆ ಕ್ಯೂ5ರ ಜೋಡಿ ಎ5 ಅಲ್ಲ, ಎ4 ಆಗಿತ್ತು. ಲೆಕ್ಸಸ್‌ನಲ್ಲಿ ಹೆಸರಿನಿಂದ ಏನೂ ತಿಳಿಯದು; ಆರ್‌ಎಕ್ಸ್, ಎನ್‌ಎಕ್ಸ್ ಕ್ರಾಸ್‌ಓವರ್‌ಗಳು, ಇಎಸ್ ಸೆಡಾನ್ ಮೂರೂ ಒಂದೇ ಕುಟುಂಬದ ತಳಹದಿ ಹಂಚಿಕೊಂಡಿವೆ.

ಬ್ಯಾಡ್ಜ್ ನೋಡಿ ಎಂಜಿನ್ ಹೇಗೆ ಕೂತಿದೆ ಎಂದು ಊಹಿಸಬೇಡಿ. ಬಿಎಂಡಬ್ಲ್ಯು ಎಂದರೆ ಹಿಂಚಕ್ರಕ್ಕೆ ಶಕ್ತಿ ಎಂಬ ನಂಬಿಕೆ ಇನ್ನೂ ಇದೆ, ಆದರೆ 2015ರಿಂದ ಎಕ್ಸ್1 ಮುಂಚಕ್ರದ ತಳಹದಿಗೆ ಹೋಗಿದೆ. ಪಕ್ಕದಿಂದ ನಿಂತು ನೋಡಿದರೆ ಸಾಕು: ಮುಂಚಕ್ರದ ಕಮಾನಿಗೂ ಮುಂಬಾಗಿಲ ಅಂಚಿಗೂ ನಡುವೆ ಧಾರಾಳ ಜಾಗವಿದ್ದರೆ ಅದು ಮೂಲತಃ ಹಿಂಚಕ್ರದ ವಿನ್ಯಾಸ, ಚಕ್ರ ಬಾಗಿಲಿಗೆ ಅಂಟಿದಂತಿದ್ದು ಮೂತಿ ಮುಂದಕ್ಕೆ ಚಾಚಿದ್ದರೆ ಮುಂಚಕ್ರದ್ದು.

ಎತ್ತರದ ಲೆಕ್ಕ

2021ರ ಸಿ-ಕ್ಲಾಸ್ ಮತ್ತು 2022ರ ಜಿಎಲ್‌ಸಿಯನ್ನೇ ತೆಗೆದುಕೊಳ್ಳಿ. ವೀಲ್‌ಬೇಸ್ (ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವಿನ ದೂರ) 2,865 ಮತ್ತು 2,888 ಮಿ.ಮೀ.; ಅಂತರ ಬರೀ 23. ಉದ್ದದಲ್ಲಂತೂ ಸೆಡಾನೇ ದೊಡ್ಡದು: 4,751ರ ಎದುರು 4,716. ರಸ್ತೆಯಲ್ಲಿ 'ದೊಡ್ಡ ಗಾಡಿ' ಎನಿಸುವುದು ಚಿಕ್ಕದಾದ ಜಿಎಲ್‌ಸಿ. ವ್ಯತ್ಯಾಸವೆಲ್ಲ ಎತ್ತರದಲ್ಲಿ, 1,438ರಿಂದ 1,640ಕ್ಕೆ. ಅಗಲದಲ್ಲಿ ಸ್ವಲ್ಪ, 1,820ರಿಂದ 1,890ಕ್ಕೆ. ಒಂದೇ ಬಗೆಯ ಎಂಜಿನ್ ಇಟ್ಟು ನೋಡಿದರೆ ತೂಕ ಸುಮಾರು 200 ಕೆ.ಜಿ. ಹೆಚ್ಚು.

ಈಗ ಗಾಳಿಯ ತಡೆ. ಕಂಪನಿಗಳು ಮೆರೆಸುವ ಗುಣಾಂಕ ಸಿ-ಕ್ಲಾಸಿಗೆ 0.24, ಜಿಎಲ್‌ಸಿಗೆ 0.29. ನೋಡಿದರೆ ಕೂದಲೆಳೆ ಅಂತರ. ಆದರೆ ಆ ಸಂಖ್ಯೆ ಆಕಾರದ ನಯವನ್ನಷ್ಟೇ ಹೇಳುತ್ತದೆ, ಗಾಳಿಗೆ ಎದುರಾಗುವ ಮೈಯ ವಿಸ್ತಾರವನ್ನು ಹೇಳುವುದಿಲ್ಲ. ಎತ್ತರ, ಅಗಲ, ಗುಣಾಂಕ ಮೂರನ್ನೂ ಗುಣಿಸಿ. ಸೆಡಾನಿಗೆ 1.438 × 1.820 × 0.24 = 0.63, ಕ್ರಾಸ್‌ಓವರಿಗೆ 1.640 × 1.890 × 0.29 = 0.90. ಒರಟು ಲೆಕ್ಕವಾದರೂ ಚಿತ್ರ ಸ್ಪಷ್ಟ: ಗಾಳಿಯ ತಡೆ ಸುಮಾರು 40 ಶೇಕಡ ಹೆಚ್ಚು. ವೇಗ ಎರಡು ಪಟ್ಟಾದರೆ ಈ ತಡೆ ನಾಲ್ಕು ಪಟ್ಟಾಗುತ್ತದೆ. ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರಿಗೆ ಮೈಲೇಜು ಕೈಕೊಡುವುದು ಇಲ್ಲೇ. ಬ್ಯಾಟರಿ ಕಾರಾದರೆ ಒಂದು ಚಾರ್ಜಿಗೆ ಸಿಗುವ ದೂರ ಕುಗ್ಗುವುದೂ ಇದರಿಂದಲೇ. ಊರೊಳಗೆ ನಿಂತು ಹೊರಡುವ ಓಡಾಟದಲ್ಲಿ ಗಾಳಿಗಿಂತ ತೂಕದ್ದೇ ಕಾರುಬಾರು.

ಡಿಕ್ಕಿಯ ಅಂಕಿಗಳನ್ನೂ ಬಿಡಿಸಿ ಓದಬೇಕು. ಸಿ-ಕ್ಲಾಸಿನದು 455 ಲೀಟರ್, ಜಿಎಲ್‌ಸಿಯದು 620. ಯುರೋಪಿನ ಕಂಪನಿಗಳು ಅಳೆಯುವುದು 200 × 100 × 50 ಮಿ.ಮೀ. ಗಾತ್ರದ ಇಟ್ಟಿಗೆಗಳನ್ನು ಜೋಡಿಸಿ. ಒಂದು ಇಟ್ಟಿಗೆ ಎಂದರೆ ಒಂದು ಲೀಟರ್. ಅಷ್ಟು ಸಣ್ಣ ಇಟ್ಟಿಗೆ ಸಂದುಗೊಂದಿಗಳಲ್ಲೂ ಕೂರುತ್ತದೆ, ನಿಮ್ಮ ಪೆಟ್ಟಿಗೆ ಕೂರುವುದಿಲ್ಲ. ಕೆಲವು ಕ್ಯಾಟಲಾಗುಗಳಲ್ಲಿ ಚಾವಣಿಯವರೆಗಿನ ಅಳತೆ ಕೊಟ್ಟಿರುತ್ತಾರೆ, ಕೆಲವದರಲ್ಲಿ ಕಿಟಕಿಯ ಕೆಳಗಂಚಿನವರೆಗಿನದು. ಎರಡನ್ನು ಬೆರೆಸಿ ಹೋಲಿಸಿದರೆ ಮೋಸ ಹೋಗುತ್ತೀರಿ. ಟೇಪು ಒಯ್ದು ನಾಲ್ಕು ಅಳತೆ ಬರೆದುಕೊಳ್ಳಿ: ಚಕ್ರದ ಕಮಾನುಗಳ ನಡುವಿನ ಅಗಲ, ಹಿಂಸೀಟಿನವರೆಗಿನ ಆಳ, ಡಿಕ್ಕಿ ಬಾಯಿಯ ಎತ್ತರ, ನೆಲದಿಂದ ಹೊಸ್ತಿಲಿನ ಎತ್ತರ. ಸೆಡಾನ್ ಸೋಲುವುದು ಮೂರನೆಯದರಲ್ಲಿ. ಭಾರದ ಸಾಮಾನು ಎತ್ತಿಡುವಾಗ ಸೊಂಟಕ್ಕೆ ಕ್ರಾಸ್‌ಓವರ್ ಕಷ್ಟ ಕೊಡುವುದು ನಾಲ್ಕನೆಯದರಲ್ಲಿ. ಡಿಕ್ಕಿಯ ಹಾಸು ಎತ್ತಿ ಸ್ಟೆಪ್ನಿ ಇದೆಯೋ ಇಲ್ಲವೋ ಎಂಬುದನ್ನೂ ಆಗಲೇ ನೋಡಿಬಿಡಿ.

ಓಡಿಸಿ ನೋಡುವಾಗ

ಎರಡೂ ಗಾಡಿಯನ್ನು ಒಂದೇ ದಿನ, ಒಂದೇ ರಸ್ತೆಯಲ್ಲಿ ಓಡಿಸಿ. ಹೊರಡುವ ಮೊದಲು ಟೈರಿನ ಗಾಳಿ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುವಷ್ಟೇ ಇದೆಯೇ ಎಂದು ನೋಡಿ, ಟೈರಿನ ಅಳತೆ ಬರೆದುಕೊಳ್ಳಿ. 225/45 ಆರ್18 ಎಂದರೆ ಟೈರಿನ ಪಕ್ಕದ ಗೋಡೆ ಅದರ ಅಗಲವಾದ 225ರ 45 ಶೇಕಡ, ಅಂದರೆ ಸುಮಾರು 101 ಮಿ.ಮೀ.; 255/35 ಆರ್19 ಎಂದರೆ 89. ಗುಂಡಿಯ ಪೆಟ್ಟನ್ನು ಮೊದಲು ನುಂಗುವುದು ಈ ರಬ್ಬರು. ಟೆಸ್ಟ್ ಡ್ರೈವಿಗೆ ಕೊಟ್ಟ ಗಾಡಿಯಲ್ಲಿರುವ ರಿಮ್ಮೇ ನೀವು ಬುಕ್ ಮಾಡುವ ಗಾಡಿಯಲ್ಲೂ ಇರುತ್ತದೆ ಎಂದುಕೊಳ್ಳಬೇಡಿ. ಸಸ್ಪೆನ್ಷನ್ ಬಗ್ಗೆ ಬರುವ ದೂರುಗಳಲ್ಲಿ ಎಷ್ಟೋ ಅಸಲಿಗೆ ರಿಮ್ಮಿನ ದೂರುಗಳು.

ಕಿತ್ತುಹೋದ ರಸ್ತೆಯಲ್ಲಿ ಗಂಟೆಗೆ 30–40 ಕಿ.ಮೀ. ವೇಗದಲ್ಲಿ ಹೋಗುವಾಗ ತಲೆ ಅತ್ತಿತ್ತ ತೂಗುತ್ತದೆಯೇ ಎಂದು ಗಮನಿಸಿ. ಎತ್ತರದ ಗಾಡಿ ತಿರುವಿನಲ್ಲಿ ವಾಲದಿರಲೆಂದು ಸ್ಪ್ರಿಂಗನ್ನೂ ಆಂಟಿ-ರೋಲ್ ಬಾರನ್ನೂ ಬಿಗಿ ಮಾಡಿರುತ್ತಾರೆ. ಒಂದೇ ಬದಿಯ ಚಕ್ರ ಗುಂಡಿಗೆ ಬಿದ್ದಾಗ ಆ ಬಿಗಿಯೇ ಇಡೀ ಮೈಯನ್ನು ಅಲ್ಲಾಡಿಸುತ್ತದೆ. ಇದು ಮುಂದೆ ಕೂತವರಿಗಿಂತ ಹಿಂದೆ ಕೂತವರಿಗೆ ಜೋರಾಗಿ ತಟ್ಟುತ್ತದೆ, ಅದಕ್ಕೇ ಅರ್ಧ ದಾರಿ ಹಿಂಸೀಟಿನಲ್ಲಿ ಕೂರಿ. ಆಮೇಲೆ ಗಂಟೆಗೆ 100 ಕಿ.ಮೀ.ನಲ್ಲಿ ಸದ್ದು ಕೇಳಿ. ಸೆಡಾನಿನಲ್ಲಿ ಡಿಕ್ಕಿ ಬೇರೆ ಕೋಣೆ, ಹಿಂಚಕ್ರದ ಗದ್ದಲ ಅಲ್ಲೇ ಉಳಿಯುತ್ತದೆ. ಕ್ರಾಸ್‌ಓವರಿನಲ್ಲಿ ಡಿಕ್ಕಿಯೂ ನೀವು ಕೂತ ಜಾಗವೂ ಒಂದೇ ಕೋಣೆ. ಇದನ್ನು ತಗ್ಗಿಸಲು ಕಂಪನಿಗಳು ಎರಡು ಪದರದ ಗಾಜು ಹಾಕುತ್ತವೆ, ಆದರೆ ಕೆಲವೊಮ್ಮೆ ಮುಂಬಾಗಿಲಿಗೆ ಮಾತ್ರ. ನಾಲ್ಕೂ ಕಿಟಕಿಯನ್ನು ಅರ್ಧ ಇಳಿಸಿ ಗಾಜಿನ ಮೇಲಂಚನ್ನು ಹತ್ತಿರದಿಂದ ನೋಡಿ: ನಡುವೆ ಸಣ್ಣ ಗೆರೆ ಕಂಡರೆ ಎರಡು ಪದರ, ಕಾಣದಿದ್ದರೆ ಒಂದೇ.

ಬ್ರ್ಯಾಂಡುಗಳು ಎಲ್ಲಿ ಬೇರೆಯಾಗುತ್ತವೆ

ಜರ್ಮನ್ ಕಂಪನಿಗಳ ವರಸೆ ಆಯ್ಕೆಗಳ ಪಟ್ಟಿಯದು. ಮೂಲ ಬೆಲೆ ಎದುರಾಳಿಯ ಹತ್ತಿರವೇ ಇರುತ್ತದೆ. ಒಳ್ಳೆಯ ಸೀಟು, ಅಡಾಪ್ಟಿವ್ ಡ್ಯಾಂಪರ್ (ರಸ್ತೆಗೆ ತಕ್ಕಂತೆ ಬಿಗಿಯಾಗುವ, ಸಡಿಲವಾಗುವ ಶಾಕ್ ಅಬ್ಸಾರ್ಬರ್), ಗಾಜು ಎಂದು ಸೇರಿಸುತ್ತ ಹೋದಂತೆ ಗಾಡಿ ಮೇಲಿನ ದರ್ಜೆಯ ಬೆಲೆ ಮುಟ್ಟುತ್ತದೆ. ಕಾರ್ಖಾನೆಯಲ್ಲಷ್ಟೇ ಹಾಕಲಾಗುವುದಕ್ಕೆ ಮೊದಲು ದುಡ್ಡು ಇಡಿ: ಸಸ್ಪೆನ್ಷನ್, ಸೀಟು, ಗಾಜು, ಹೆಡ್‌ಲೈಟ್. ರಿಮ್ಮು, ಮ್ಯಾಟು, ಅಲಂಕಾರದ ಪಟ್ಟಿ ಆಮೇಲೂ ಸಿಗುತ್ತವೆ. ಲೆಕ್ಸಸ್ ಆಯ್ಕೆ ಕಡಿಮೆ ಮಾಡಿ ಟ್ರಿಮ್ಮಿನಲ್ಲೇ (ಸೌಲಭ್ಯಗಳನ್ನು ಸೇರಿಸಿಯೇ ಮಾರುವ ಆವೃತ್ತಿಯಲ್ಲೇ) ಹೆಚ್ಚು ತುಂಬುತ್ತದೆ, ಹೈಬ್ರಿಡ್ಡನ್ನು ಮುಂದಿಡುತ್ತದೆ. 2005ರ ಆರ್‌ಎಕ್ಸ್ 400ಎಚ್‌ನಿಂದ ಆ ದಾರಿ. ಅದರ ನಾಲ್ಕುಚಕ್ರದ ಹೈಬ್ರಿಡ್ ಕ್ರಾಸ್‌ಓವರ್‌ಗಳಲ್ಲಿ ಹಿಂಚಕ್ರಕ್ಕೆ ಬೇರೆಯೇ ಮೋಟರ್ ಇರುತ್ತದೆ, ಮುಂದಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಉದ್ದದ ಪ್ರೊಪೆಲ್ಲರ್ ಶಾಫ್ಟ್ ಇರುವುದಿಲ್ಲ.

ಶಾಫ್ಟಿನಿಂದ ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಯುವ ಗಾಡಿಗಳಲ್ಲಿ ಟೈರಿನ ವಿಷಯಕ್ಕೆ ಶಿಸ್ತು ಬೇಕು. ಒಂದು ಟೈರು ಹಾಳಾಯಿತೆಂದು ಅದೊಂದನ್ನೇ ಹೊಸದು ಹಾಕಿದರೆ ಸುತ್ತಳತೆ ಬೇರೆಯಾಗಿ, ನೇರ ರಸ್ತೆಯಲ್ಲೂ, ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಕ್ಲಚ್ ಜಾರುತ್ತಲೇ ಇರುತ್ತದೆ, ಬಿಸಿಯಾಗಿ ಸವೆಯುತ್ತದೆ. ಎಷ್ಟು ಮಿ.ಮೀ. ಸವೆತದ ಅಂತರ ನಡೆಯುತ್ತದೆ ಎಂದು ಕೈಪಿಡಿ ನೋಡಿ, ಅದರೊಳಗೇ ಇರಿ. ಹಿಂದೆ ಅಗಲ, ಮುಂದೆ ಕಿರಿದು ಟೈರಿದ್ದರೆ ಹಿಂದುಮುಂದು ಅದಲುಬದಲು ಮಾಡಲಾಗುವುದಿಲ್ಲ ಎಂಬುದೂ ಖರ್ಚಿನ ಲೆಕ್ಕಕ್ಕೆ ಸೇರಲಿ. ರನ್‌ಫ್ಲಾಟ್ ಟೈರು ಗಾಳಿ ಹೋದಮೇಲೂ ಸಾಮಾನ್ಯವಾಗಿ 80 ಕಿ.ಮೀ. ವೇಗ ಮೀರದಂತೆ 80 ಕಿ.ಮೀ. ದೂರ ಓಡುತ್ತದೆ.

ಏರ್ ಸಸ್ಪೆನ್ಷನ್ (ಸ್ಪ್ರಿಂಗಿನ ಬದಲು ಗಾಳಿಚೀಲ) ಇರುವ ಹಳೆಯ ಗಾಡಿಯಾದರೆ ಸಂಜೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ನಡುಬಿಂದುವಿನಿಂದ ಕಮಾನಿನ ಅಂಚಿನವರೆಗೆ ಅಳೆಯಿರಿ. ಬೆಳಿಗ್ಗೆ ಗಾಡಿ ಮುಟ್ಟುವ ಮೊದಲೇ ಮತ್ತೆ ಅಳೆಯಿರಿ. ಒಂದೇ ಮೂಲೆ ಕುಸಿದಿದ್ದರೆ ಅಲ್ಲಿನ ಗಾಳಿಚೀಲ ಸೋರುತ್ತಿದೆ. ಸೋರುವ ಚೀಲವನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ದುಡಿದು ತಾನೂ ಕೆಡುತ್ತದೆ. ಪನೋರಮಿಕ್ (ದೊಡ್ಡ ಗಾಜಿನ) ಚಾವಣಿ ಇದ್ದರೆ ಅದರ ಮೂಲೆಗಳಲ್ಲಿರುವ ನೀರಿಳಿಯುವ ಕೊಳವೆಗೆ ಒಂದು ಲೋಟ ನೀರು ನಿಧಾನಕ್ಕೆ ಹೊಯ್ದು, ಅದು ಗಾಡಿಯ ಕೆಳಗೆ ಇಳಿಯುವುದನ್ನು ಕಣ್ಣಾರೆ ನೋಡಿ. ಕಟ್ಟಿಕೊಂಡಿದ್ದರೆ ಆ ನೀರು ಕಾರ್ಪೆಟ್ಟಿನಡಿಯ ವೈರಿಂಗಿಗೆ ಇಳಿಯುತ್ತದೆ.

ದೊಡ್ಡ ರಿಯಾಯಿತಿ ಬರುವುದು ಹೊಸ ತಲೆಮಾರಿನ ಗಾಡಿ ಬಾಗಿಲಿಗೆ ಬಂದು ನಿಂತಾಗ. ಅಂಥ ಗಾಡಿ ಎಷ್ಟು ಕಾಲ ಗೋದಾಮಿನಲ್ಲಿ ನಿಂತಿತ್ತು ಎಂಬುದಕ್ಕೆ ಟೈರಿನ ಪಕ್ಕದ ನಾಲ್ಕಂಕಿ ಓದಿ: 2324 ಎಂದಿದ್ದರೆ ಟೈರು ತಯಾರಾದದ್ದು 2024ರ 23ನೇ ವಾರದಲ್ಲಿ. ಗಾಡಿ ಅದಕ್ಕಿಂತ ಸ್ವಲ್ಪ ಈಚಿನದು. ಬಹಳ ತಿಂಗಳು ನಿಂತದ್ದಾದರೆ ಬ್ಯಾಟರಿ ಪರೀಕ್ಷೆಯ ಚೀಟಿ ಕೇಳಿ ಪಡೆದುಕೊಂಡೇ ಸಹಿ ಹಾಕಿ.