ಪೆನ್ಸಿಲ್ಲಿನಲ್ಲಿ ಬರೆದಿಟ್ಟ ಸೆಪ್ಟೆಂಬರ್

2003ರಲ್ಲಿ ನಾನು ಕೆಲಸದ ಮೇಲೆ ಬೋಸ್ಟನ್ ಸಮೀಪದ ಊರಿಗೆ ಬಂದಾಗ ಬೇಸ್‌ಬಾಲ್ ನನಗೆ ಹೆಸರಿನಿಂದಷ್ಟೇ ಗೊತ್ತಿತ್ತು. ಶಿವಮೊಗ್ಗದ ನಮ್ಮ ಮನೆಯಲ್ಲಿ ಅಪ್ಪ ಟೆಸ್ಟ್ ಪಂದ್ಯದ ವೀಕ್ಷಕ ವಿವರಣೆ ಕೇಳುತ್ತಾ ಹಳೆಯ ಲೆಕ್ಕದ ಪುಸ್ತಕದಲ್ಲಿ ಒಂದೊಂದು ಓವರನ್ನೂ ಗುರುತು ಹಾಕಿಕೊಳ್ಳುತ್ತಿದ್ದರು. ಇಲ್ಲಿ ಎದುರು ಮನೆಯ ಹಿರಿಯರೊಬ್ಬರು ಜಗಲಿಯ ಮೇಲೆ ರೇಡಿಯೊ ಇಟ್ಟುಕೊಂಡು ಹಾಗೆಯೇ ಪೆನ್ಸಿಲ್ ಹಿಡಿದು ಕುಳಿತಿದ್ದನ್ನು ಕಂಡು ಹತ್ತಿರ ಹೋದೆ. ಬೋಸ್ಟನ್ನಿನ ಬೇಸ್‌ಬಾಲ್ ತಂಡವಾದ ರೆಡ್ ಸಾಕ್ಸ್ ಮೇಲಿನ ನನ್ನ ಅಭಿಮಾನ ಶುರುವಾದದ್ದು ಅವರ ಪುಸ್ತಕದಿಂದ.

ಅವರು ಕಲಿಸಿದ ಬರವಣಿಗೆಯ ಕ್ರಮ ಸರಳವಾದದ್ದು. ಕ್ಷೇತ್ರರಕ್ಷಕರಿಗೆಲ್ಲ ಒಂದೊಂದು ಸಂಖ್ಯೆಯಿದೆ: ಚೆಂಡೆಸೆಯುವ ಪಿಚರ್ 1, ಬ್ಯಾಟರ್ ಹಿಂದೆ ನಿಂತು ಅದನ್ನು ಹಿಡಿಯುವ ಕ್ಯಾಚರ್ 2, ಓಡುವವರು ಮುಟ್ಟಬೇಕಾದ ಬೇಸ್‌ಗಳಲ್ಲಿ ಮೊದಲನೆಯದನ್ನು ಕಾಯುವವನು 3, ಹೀಗೆ ಬಲಬದಿಯ ಔಟ್‌ಫೀಲ್ಡರ್ 9ರವರೆಗೆ. ಚೆಂಡು ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನಿಂದ ಎರಡನೇ ಬೇಸ್‌ಗೆ, ಅಲ್ಲಿಂದ ಮೊದಲನೆಯದಕ್ಕೆ ಹೋಗಿ ಇಬ್ಬರು ಔಟಾದರೆ 6-4-3 ಎಂದು ಬರೆಯಬೇಕು. ಪ್ರತಿ ಬ್ಯಾಟರ್‌ಗೂ ಒಂದು ಪುಟ್ಟ ಚೌಕ, ಅದರೊಳಗೊಂದು ವಜ್ರಾಕೃತಿ. ಆತ ಮುಟ್ಟಿದ ಬೇಸಿನವರೆಗೆ ಗೆರೆಯನ್ನು ಗಟ್ಟಿಮಾಡುತ್ತಾ ಹೋಗಿ, ರನ್ ಬಂದರೆ ಇಡೀ ವಜ್ರವನ್ನು ಕಪ್ಪಾಗಿಸಬೇಕು. ಕೈಗೆ ಇಷ್ಟು ಕೆಲಸವಿದ್ದಾಗ ಕಣ್ಣು ಬೇರೆಡೆ ಹೋಗುವುದಿಲ್ಲ.

2011ರ ಋತುವಿಗೆಂದು ನಾನು ಎರಡು ದಪ್ಪ ಪುಸ್ತಕಗಳನ್ನು ಕೊಂಡುಕೊಂಡಿದ್ದೆ. ಏಡ್ರಿಯನ್ ಗೊನ್ಸಾಲೆಸ್ ಬಂದಿದ್ದರು. ಏಳು ವರ್ಷಕ್ಕೆ 14.2 ಕೋಟಿ ಡಾಲರಿನ ಒಪ್ಪಂದದ ಮೇಲೆ ಕಾರ್ಲ್ ಕ್ರಾಫರ್ಡ್ ಬಂದಿದ್ದರು. 86 ವರ್ಷಗಳ ಕಾಯುವಿಕೆಯ ನಂತರ 2004ರಲ್ಲಿ, ಮತ್ತೆ 2007ರಲ್ಲಿ ಚಾಂಪಿಯನ್ ಆಗಿದ್ದ ತಂಡ ಈ ವರ್ಷ ಮೂರನೆಯ ಬಾರಿ ಗೆಲ್ಲುತ್ತದೆಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಆದರೆ ಮೊದಲ ಆರು ಪಂದ್ಯಗಳೂ ಸೋಲಾದವು. ಹನ್ನೆರಡು ಪಂದ್ಯ ಮುಗಿದಾಗ ಗೆಲುವು ಎರಡೇ. ಆಮೇಲೆ ತಂಡ ಚೇತರಿಸಿಕೊಂಡ ರೀತಿಯನ್ನು ನೆನೆದರೆ ಈಗಲೂ ಮನಸ್ಸು ಅರಳುತ್ತದೆ. ಜಾಕೋಬಿ ಎಲ್ಸ್‌ಬರಿ ಆ ವರ್ಷ ಕ್ರಿಕೆಟ್ಟಿನ ಸಿಕ್ಸರಿನಂಥ ಹೋಮ್ ರನ್‌ಗಳನ್ನು 32 ಹೊಡೆದು, 39 ಬೇಸ್ ಕದ್ದರು, ಅಂದರೆ ಹೊಡೆತವಿಲ್ಲದೆಯೇ ಓಡಿ ಮುಂದಿನ ಬೇಸ್ ಸೇರಿದರು; ಬೇಸಿಗೆಯುದ್ದಕ್ಕೂ ನನ್ನ ಪುಟಗಳಲ್ಲಿ ಕಪ್ಪು ವಜ್ರಗಳು ಸಾಲುಗಟ್ಟಿದ್ದವು. ಆಗಸ್ಟ್ ಕೊನೆಗೆ 83 ಗೆಲುವು, 52 ಸೋಲು.

ಅಮ್ಮ ಆ ಆಗಸ್ಟಿನಲ್ಲಿ ಊರಿನಿಂದ ಬಂದಿದ್ದರು. ಸೆಪ್ಟೆಂಬರ್ 1ರಂದು ಗಣೇಶನ ಹಬ್ಬ. ಅದಾಗಿ ಎರಡು ದಿನಕ್ಕೆ, ವಿಭಾಗ ಗೆಲ್ಲದ ತಂಡಗಳಲ್ಲಿ ಉತ್ತಮವಾದದ್ದಕ್ಕೆ ಮುಂದಿನ ಸುತ್ತಿಗೆ ಸಿಗುತ್ತಿದ್ದ ವೈಲ್ಡ್ ಕಾರ್ಡ್ ಸ್ಥಾನದ ಪೈಪೋಟಿಯಲ್ಲಿ ಟ್ಯಾಂಪಾ ಬೇ ರೇಸ್ ತಂಡಕ್ಕಿಂತ ನಾವು ಒಂಬತ್ತು ಪಂದ್ಯಗಳಷ್ಟು ಮುಂದಿದ್ದೆವು. ಅಷ್ಟು ದೊಡ್ಡ ಅಂತರವನ್ನು ಒಂದು ತಿಂಗಳೂ ಉಳಿಯದ ಹೊತ್ತಿನಲ್ಲಿ ಕಳೆದುಕೊಳ್ಳಬಹುದೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಆದರೆ ಕಳೆದುಕೊಂಡೆವು. ಟ್ಯಾಂಪಾ ತಂಡದ ವಿರುದ್ಧವೇ ಆ ತಿಂಗಳು ಏಳು ಪಂದ್ಯಗಳಲ್ಲಿ ಆರನ್ನು ಸೋತೆವು. ಸತತವಾಗಿ ಎರಡು ಪಂದ್ಯ ಗೆದ್ದದ್ದು ಆ ತಿಂಗಳಿನಲ್ಲಿ ಒಮ್ಮೆಯೂ ಇಲ್ಲ. ಹತ್ತನೆಯ ತಾರೀಖಿನ ಸುಮಾರಿಗೆ ಪುಸ್ತಕವನ್ನು ಮುಚ್ಚಿಟ್ಟುಬಿಡೋಣ ಎನಿಸಿತ್ತು. ಹೆಂಡತಿ, "ಬರೆದರೆ ತಾನೇ ನಿಮಗೆ ಸಂಕಟ, ಬಿಟ್ಟುಬಿಡಿ ಅಂದ್ರೆ," ಎಂದಳು. ನಾನು ಬಿಡಲಿಲ್ಲ, ಬಿಡದೆ ಇದ್ದುದರಿಂದಲೇ ಸೆಪ್ಟೆಂಬರ್ 13ರ ಪುಟ ನನ್ನಲ್ಲಿದೆ. ನಮ್ಮ ಪಿಚರ್, 45 ವರ್ಷದ ಟಿಮ್ ವೇಕ್‌ಫೀಲ್ಡ್ ತಮ್ಮ 200ನೆಯ ಗೆಲುವಿಗಾಗಿ ಏಳು ಸಲ ಪ್ರಯತ್ನಿಸಿ ವಿಫಲರಾಗಿದ್ದರು. ಎಂಟನೆಯ ಪ್ರಯತ್ನ ನಮ್ಮದೇ ಮೈದಾನವಾದ ಫೆನ್‌ವೇ ಪಾರ್ಕಿನಲ್ಲಿ, ಟೊರಾಂಟೊ ವಿರುದ್ಧ. ನಕಲ್‌ಬಾಲ್ ಎಂಬ ಅವರ ಎಸೆತ ತಿರುಗದೆ, ಗಾಳಿಗೆ ಸಿಕ್ಕ ಎಲೆಯಂತೆ ಅತ್ತಿತ್ತ ಓಲಾಡುತ್ತಾ ಬರುತ್ತಿತ್ತು. 18-6ರಿಂದ ಗೆದ್ದರು. ನಮ್ಮ ಕಡೆಯ ವಜ್ರಗಳಿಗೆ ಮಸಿ ತುಂಬಿ ತುಂಬಿ ಆ ಪುಟ ಹಿಂದಿನಿಂದಲೂ ತಡವಿದರೆ ಕೈಗೆ ಸಿಗುವಷ್ಟು ಉಬ್ಬಿದೆ. ಆ ಒಂದು ಸಂಜೆ ನಾನು ಅಂಕಪಟ್ಟಿಯನ್ನು ನೋಡಲೇ ಇಲ್ಲ.

ಸೆಪ್ಟೆಂಬರ್ 28, ನವರಾತ್ರಿಯ ಮೊದಲ ದಿನ. ಋತುವಿನ ಕೊನೆಯ, 162ನೆಯ ಪಂದ್ಯ ಬಾಲ್ಟಿಮೋರಿನಲ್ಲಿ, ಆ ಊರಿನ ತಂಡದ ವಿರುದ್ಧ. ನಾವೂ ಟ್ಯಾಂಪಾ ತಂಡವೂ ತಲಾ 90 ಗೆಲುವಿನೊಂದಿಗೆ ಸಮಸಮವಾಗಿದ್ದೆವು. ಅಮ್ಮ ಮತ್ತು ಹೆಂಡತಿ ಕೋಣೆಯ ಮೂಲೆಯಲ್ಲಿ ಪಟ್ಟದ ಗೊಂಬೆಗಳಿಗೆ ಆರತಿ ಮಾಡಿ ಮುಗಿಸುವಷ್ಟರಲ್ಲಿ ನಾನು ಟೀವಿಯ ಮುಂದೆ ಪುಸ್ತಕ ತೆರೆದಿದ್ದೆ. 3-2ರಿಂದ ಮುಂದಿದ್ದಾಗ ಏಳನೆಯ ಇನಿಂಗ್ಸಿನಲ್ಲಿ ಮಳೆ ಬಂದು ಆಟ ಒಂದೂವರೆ ಗಂಟೆಯ ಹತ್ತಿರ ನಿಂತಿತು. ಅತ್ತ ಟ್ಯಾಂಪಾ ತಂಡ ಯಾಂಕೀಸ್‌ಗೆ 7-0ರಿಂದ ಹಿಂದಿತ್ತು. ಮತ್ತೆ ಆಟ ಶುರುವಾಗುವ ಹೊತ್ತಿಗೆ ಅವರು ಲೆಕ್ಕ ಸರಿದೂಗಿಸಿದ್ದರು.

ಆ ವರ್ಷ ಎಂಟು ಇನಿಂಗ್ಸ್ ಮುಗಿದಾಗ ಮುಂದಿದ್ದ 77 ಪಂದ್ಯಗಳಲ್ಲಿ ನಾವು ಒಂದನ್ನೂ ಸೋತಿರಲಿಲ್ಲ. ಕೊನೆಯದಾದ ಒಂಬತ್ತನೆಯದರಲ್ಲಿ ನಮ್ಮ ಪಿಚರ್ ಜೊನಾಥನ್ ಪ್ಯಾಪಲ್‌ಬಾನ್ ಮೊದಲಿಬ್ಬರನ್ನೂ ತಮ್ಮ ಎಸೆತದಿಂದಲೇ ಸ್ಟ್ರೈಕ್‌ಔಟ್ ಮಾಡಿದರು. ಇನ್ನೊಂದೇ ಔಟ್ ಬೇಕಿತ್ತು. ಕ್ರಿಸ್ ಡೇವಿಸ್ ಎರಡು ಬೇಸಿನ ಹೊಡೆತ ಹೊಡೆದರು, ನೋಲನ್ ರೈಮೋಲ್ಡ್ ಮತ್ತೊಂದು ಹೊಡೆದು ಸಮ ಮಾಡಿದರು. ರಾಬರ್ಟ್ ಆಂಡಿನೊ ಎಡಕ್ಕೆ ಹೊಡೆದ ಚೆಂಡಿಗೆ ಕ್ರಾಫರ್ಡ್ ಓಡಿಬಂದು ಜಾರಿ ಬಿದ್ದು ಕೈಚಾಚಿದರು. ಚೆಂಡು ಗ್ಲೌಸಿನಲ್ಲಿ ನಿಲ್ಲಲಿಲ್ಲ. ರೈಮೋಲ್ಡ್ ಓಡಿ ಹೋಮ್ ಪ್ಲೇಟ್ ಮುಟ್ಟಿ ರನ್ ಗಳಿಸಿದರು. 4-3. ಆ ಕೊನೆಯ ವಜ್ರವನ್ನು ನಾನು ತುಂಬಿ ಮುಗಿಸಿ ಮೂರು ನಿಮಿಷವಾಗಿರಬಹುದು, ಅತ್ತ ಟ್ಯಾಂಪಾ ತಂಡದ ಎವನ್ ಲಾಂಗೋರಿಯ ಹನ್ನೆರಡನೆಯ ಇನಿಂಗ್ಸಿನ ಹೋಮ್ ರನ್ ಹೊಡೆದು ನಮ್ಮ ಋತುವನ್ನು ಮುಗಿಸಿದರು. ಮಧ್ಯರಾತ್ರಿ ದಾಟಿತ್ತು. ಅಮ್ಮ ಎದ್ದು ಬಂದು, "ಸೋತರೇನಪ್ಪಾ?" ಎಂದರು. ಹೂಂ ಎಂದೆ. ಮಜ್ಜಿಗೆ ತಂದುಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಪಕ್ಕದಲ್ಲಿ ಕುಳಿತಿದ್ದರು.

ಮರುದಿನದಿಂದ ಎಲ್ಲರ ಬಾಯಲ್ಲೂ ಕ್ರಾಫರ್ಡ್ ಹೆಸರೇ. ನನಗೂ ಎರಡು ದಿನ ಅವರ ಮೇಲೆ ಕೋಪವಿತ್ತು. ಸರಸ್ವತಿ ಪೂಜೆಯ ದಿನ ಅಮ್ಮ ಮಕ್ಕಳ ಪಠ್ಯಪುಸ್ತಕಗಳ ಜೊತೆಗೆ, ಕೇಳದೆಯೇ, ನನ್ನ ಎರಡು ಸ್ಕೋರ್ ಪುಸ್ತಕಗಳನ್ನೂ ಗೊಂಬೆಗಳ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದರು. ವಿಜಯದಶಮಿಯವರೆಗೆ ಅವನ್ನು ಮುಟ್ಟುವ ಹಾಗಿರಲಿಲ್ಲ. ಆ ದಿನ ತೆಗೆದು, ಸೆಪ್ಟೆಂಬರಿನ 27 ಪಂದ್ಯಗಳನ್ನು ಮೊದಲಿನಿಂದ ಓದುತ್ತಾ ಹೋದೆ. ಗೆಲುವು ಏಳು, ಸೋಲು ಇಪ್ಪತ್ತು. ಪಿಚರ್ ಬದಲಾದಲ್ಲೆಲ್ಲ ನಾನು ಅಡ್ಡಗೆರೆ ಎಳೆಯುತ್ತೇನೆ. ಜುಲೈ ತಿಂಗಳಲ್ಲಿ ಆರು, ಏಳನೆಯ ಇನಿಂಗ್ಸಿನ ಅಂಕಣದಲ್ಲಿ ಕಾಣುತ್ತಿದ್ದ ಆ ಗೆರೆ ಸೆಪ್ಟೆಂಬರಿನಲ್ಲಿ ಪುಟದಿಂದ ಪುಟಕ್ಕೆ ನಾಲ್ಕು, ಐದಕ್ಕೆ ಸರಿದಿತ್ತು. ಪಂದ್ಯ ಆರಂಭಿಸುವ ಪಿಚರ್‌ಗಳು ಬೇಗನೆ ಸೋತು ಹೋಗಿ, ಉಳಿದ ಭಾರವನ್ನೆಲ್ಲ ಹೊತ್ತವರು ತಿಂಗಳ ಕೊನೆಗೆ ದಣಿದುಹೋಗಿದ್ದರು. ಆ ಕೊನೆಯ ರಾತ್ರಿಯ ಪುಟದಲ್ಲಿ ಎಡಬದಿಯ ಔಟ್‌ಫೀಲ್ಡರ್ ಕ್ರಾಫರ್ಡ್ ಸಂಖ್ಯೆಯಾದ 7ರ ಸುತ್ತ ಕೋಪದಲ್ಲಿ ಒತ್ತಿ ಹಾಕಿದ್ದ ವೃತ್ತವನ್ನು ರಬ್ಬರಿನಿಂದ ಅಳಿಸಿದೆ. ಒತ್ತಿದ ಗುರುತು ಹಾಳೆಯಲ್ಲಿ ಇನ್ನೂ ಇದೆ.