ಕಥೆಯ ರೋಬಾಟ್‌ಗೆ ಮನುಷ್ಯಾಕಾರ ಕೊಡುವ ಮುನ್ನ

ವೈಜ್ಞಾನಿಕ ಕಥೆ ಬರೆಯುವವರು ರೋಬಾಟ್ ಪಾತ್ರವೊಂದನ್ನು ಕಲ್ಪಿಸಿಕೊಳ್ಳುವಾಗ ಸಾಮಾನ್ಯವಾಗಿ ಮೊದಲು ಮುಖವನ್ನು, ಆಮೇಲೆ ಮೈಕಟ್ಟನ್ನು, ಕೊನೆಗೆ ಅದರ ಕೆಲಸವನ್ನು ಯೋಚಿಸುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡುವುದು ಒಳ್ಳೆಯದು. ರೋಬಾಟ್ ಎಲ್ಲಿ ದುಡಿಯುತ್ತದೆ, ಆ ಜಾಗವನ್ನು ಮೂಲತಃ ಯಾರಿಗಾಗಿ ಕಟ್ಟಲಾಗಿತ್ತು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಮೆಟ್ಟಿಲು, ಏಣಿ, ಬಾಗಿಲ ಹಿಡಿಕೆ, ಚಾಲಕನ ಆಸನ ಇವೆಲ್ಲ ಮನುಷ್ಯನ ಅಳತೆಗೆ ಮಾಡಿದವು. ಅವನ್ನು ಬದಲಾಯಿಸುವುದಕ್ಕಿಂತ ಅವಕ್ಕೆ ಹೊಂದುವ ಯಂತ್ರವನ್ನು ಮಾಡುವುದು ಅಗ್ಗವಾಗುವಲ್ಲಿ ಮಾತ್ರ ಎರಡು ಕಾಲು, ಎರಡು ಕೈಗಳಿಗೆ ಅರ್ಥವಿದೆ. ಸಮತಟ್ಟಾದ ನೆಲವಿರುವ ಗೋದಾಮಿನಲ್ಲಿ ಚಕ್ರಗಳೇ ಸಾಕು.

ಎತ್ತರವನ್ನೂ ಹೀಗೆಯೇ ನಿರ್ಧರಿಸಬೇಕು. ಹೋಂಡಾ ಕಂಪನಿ 2000ದಲ್ಲಿ ತೋರಿಸಿದ ಆಸಿಮೋ ಕೇವಲ 120 ಸೆಂಟಿಮೀಟರ್ ಎತ್ತರವಿತ್ತು. ದೀಪದ ಸ್ವಿಚ್ಚು, ಬಾಗಿಲ ಹಿಡಿಕೆಗಳು ಕೈಗೆಟುಕಬೇಕು, ಮೇಜಿನ ಮೇಲೆ ಕೆಲಸ ಮಾಡಲು ಬರಬೇಕು ಎಂಬ ಲೆಕ್ಕದಿಂದ ಆ ಅಳತೆ ಬಂದಿತ್ತು. ಕಥೆಗಾರರಿಗೆ ಮಾತ್ರ ದೈತ್ಯಾಕಾರದ ಮೇಲೆ ಮೋಹ ಹೆಚ್ಚು. ಆಕಾರವನ್ನು ಹಾಗೆಯೇ ಉಳಿಸಿಕೊಂಡು ಎತ್ತರವನ್ನು ಇಮ್ಮಡಿಗೊಳಿಸಿದರೆ ಮೂಳೆಯ ಸ್ಥಾನದಲ್ಲಿದ್ದು ಭಾರ ಹೊರುವ ಕಂಬಿಗಳ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕವಾದರೋ ಎಂಟು ಪಟ್ಟಾಗುತ್ತದೆ. ಹತ್ತು ಅಡಿಯ ರೋಬಾಟ್ ಬೇಕೇಬೇಕೆಂದರೆ ಅದರ ಕಾಲುಗಳು ದಪ್ಪಗಿರಲಿ, ಹಳೆಯ ಮನೆಯ ಮಹಡಿಯನ್ನು ಅದು ಹತ್ತದಿರಲಿ.

ನಡಿಗೆಯ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಕಥೆಗೆ ಬೇಕಾದ ಸಂಕಷ್ಟಗಳೆಲ್ಲ ಇಲ್ಲಿಯೇ ಸಿಗುತ್ತವೆ. ಫುಕುಶಿಮಾ ಅಣುಸ್ಥಾವರದ ದುರಂತದ ನಂತರ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಏರ್ಪಡಿಸಿದ ರೋಬಾಟ್ ಸ್ಪರ್ಧೆಯ ಅಂತಿಮ ಸುತ್ತು 2015ರಲ್ಲಿ ನಡೆಯಿತು. ವಾಹನ ಓಡಿಸುವುದು, ಬಾಗಿಲು ತೆರೆಯುವುದು, ಕವಾಟ (ವಾಲ್ವ್) ತಿರುಗಿಸುವುದು, ಮೆಟ್ಟಿಲು ಹತ್ತುವುದು ಅದರ ಪರೀಕ್ಷೆಗಳಲ್ಲಿ ಸೇರಿದ್ದವು. ಹಲವು ರೋಬಾಟ್‌ಗಳು ಎಲ್ಲರೆದುರೇ ಮುಗ್ಗರಿಸಿ ಬಿದ್ದವು. ಗೆದ್ದದ್ದು ದಕ್ಷಿಣ ಕೊರಿಯಾದ ಹ್ಯೂಬೋ. ಅದು ಅಗತ್ಯವಿದ್ದಾಗ ನಡೆಯುತ್ತಿತ್ತು, ಉಳಿದಂತೆ ಮಂಡಿಯೂರಿ ಕುಳಿತು ಚಕ್ರಗಳ ಮೇಲೆ ಉರುಳುತ್ತಿತ್ತು. ನಿಮ್ಮ ಪಾತ್ರಕ್ಕೂ ಇಂಥದೊಂದು ಜಾಣ ಒಳದಾರಿ ಇರಲಿ. ಸುಮ್ಮನೆ ನಿಂತಿರುವುದೂ ಯಂತ್ರಕ್ಕೆ ಪುಕ್ಕಟೆಯಲ್ಲ: ಮಂಡಿಯನ್ನು ತುಸು ಬಗ್ಗಿಸಿ ನಿಂತರೆ ಮೋಟಾರುಗಳು ಬಿಡುವಿಲ್ಲದೆ ಭಾರ ಹೊರುತ್ತ ಬಿಸಿಯೇರುತ್ತವೆ, ಬ್ಯಾಟರಿ ಇಳಿಯುತ್ತದೆ. ಆದ್ದರಿಂದ ಕೀಲುಗಳಿಗೆ ಬೀಗ ಹಾಕುವ ವ್ಯವಸ್ಥೆಯನ್ನು ಕಲ್ಪಿಸಿ, ಇಲ್ಲವೇ ಕೆಲಸವಿಲ್ಲದಾಗ ಅದು ಕುಳಿತುಕೊಳ್ಳುವಂತೆ ಬರೆಯಿರಿ.

ಭಾರವಾದ ಬ್ಯಾಟರಿಯನ್ನು ಗುರುತ್ವ ಕೇಂದ್ರದ ಹತ್ತಿರ, ಅಂದರೆ ಮುಂಡದಲ್ಲಿ ಇಡಿ. ಗಣಕವೂ ಅಲ್ಲಿಯೇ ಸುರಕ್ಷಿತ. ತಲೆಯಲ್ಲಿ ಕ್ಯಾಮೆರಾ ಮತ್ತು ಮೈಕ್ ಸಾಕು, ಎತ್ತರದಲ್ಲಿದ್ದು ತಿರುಗುವ ಜಾಗಕ್ಕೆ ಅವೇ ತಕ್ಕವು. ಹೀಗಿರುವಾಗ ಖಳನಾಯಕನು ತಲೆಗೆ ಗುಂಡು ಹಾರಿಸಿದರೆ ರೋಬಾಟ್ ಕುರುಡಾಗುತ್ತದೆಯೇ ಹೊರತು ಸಾಯುವುದಿಲ್ಲ. ಎಷ್ಟೋ ಕಥೆಗಳ ಕ್ಲೈಮ್ಯಾಕ್ಸ್ ಇಷ್ಟಕ್ಕೇ ಕುಸಿದುಬೀಳುತ್ತದೆ.

ಕೈಗಳಲ್ಲಿ ಜಿಪುಣತನ ಬೇಡ. ಮನುಷ್ಯನ ಒಂದು ಹಸ್ತದಲ್ಲಿ 27 ಮೂಳೆಗಳಿವೆ. ಅಷ್ಟು ಚಲನೆಗೆ ಬೇಕಾದ ಮೋಟಾರುಗಳು ಬೆರಳೊಳಗೆ ಹಿಡಿಸುವುದಿಲ್ಲವಾದ್ದರಿಂದ ಅವನ್ನು ಮುಂಗೈಯಲ್ಲಿಟ್ಟು ಸ್ನಾಯುರಜ್ಜುಗಳಂಥ ತಂತಿಗಳಿಂದ ಬೆರಳುಗಳನ್ನು ಎಳೆಯುವುದುಂಟು. ನಾಸಾದ ರೋಬೋನಾಟ್-2ರ ಕೈಗಳು ಹೀಗಿದ್ದವು. 2011ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅದಕ್ಕೆ ಕಾಲುಗಳೇ ಇರಲಿಲ್ಲ. ಗಗನಯಾತ್ರಿಗಳ ಉಪಕರಣಗಳನ್ನು ಹಿಡಿಯುವುದು ಮುಖ್ಯವಾಗಿತ್ತು, ತೂಕವಿಲ್ಲದ ಕಡೆ ನಡೆಯುವುದು ಮುಖ್ಯವಾಗಿರಲಿಲ್ಲ.

ಮುಖ ಮತ್ತು ಚರ್ಮವನ್ನು ಕೊನೆಗೆ ಉಳಿಸಿಕೊಳ್ಳಿ. ಹೋಲಿಕೆ ಹೆಚ್ಚಿದಷ್ಟೂ ಹತ್ತಿರವೆನಿಸುತ್ತ ಹೋಗುವ ಯಂತ್ರ, ಇನ್ನೇನು ಮನುಷ್ಯನೇ ಎನ್ನುವ ಹಂತಕ್ಕೆ ಬಂದಾಗ ಇದ್ದಕ್ಕಿದ್ದಂತೆ ಅಳುಕು ಹುಟ್ಟಿಸಬಹುದೆಂದು ಜಪಾನಿನ ರೋಬಾಟ್ ತಜ್ಞ ಮಸಾಹಿರೊ ಮೋರಿ 1970ರಲ್ಲಿ ಬರೆದರು. ಆ ಅಳುಕು ನಿಮ್ಮ ಕಥೆಗೆ ಬೇಕಿಲ್ಲವಾದರೆ ಮುಖವನ್ನು ಸರಳವಾಗಿಡಿ. ಚರ್ಮ ಹೊದಿಸಿದರೆ ಒಳಗಿನ ಶಾಖ ಎಲ್ಲಿ ಹೋಗುತ್ತದೆಂಬುದಕ್ಕೂ ಉತ್ತರ ಬೇಕು. ಎದೆ ಏರಿಳಿಯುತ್ತ ಮೂಗಿನಿಂದ ಗಾಳಿ ಎಳೆದು ಒಳಭಾಗವನ್ನು ತಂಪಾಗಿಸುವಂತೆ ಮಾಡಿದರೆ, ಉಸಿರಾಟವು ಬರೀ ನಟನೆಯಾಗದೆ ಯಂತ್ರದ ಅಗತ್ಯವೇ ಆಗುತ್ತದೆ. ಓಡಿದ ಮೇಲೆ ಅದು ಏದುಸಿರು ಬಿಡುವುದನ್ನೂ ನೀವು ನ್ಯಾಯವಾಗಿ ಬರೆಯಬಹುದು.

ಇಷ್ಟಾದ ಮೇಲೆ, ಮನುಷ್ಯನ ಮಿತಿಗಳಲ್ಲಿ ಯಾವುದನ್ನು ನಕಲು ಮಾಡಬೇಕಿಲ್ಲ ಎಂದು ನೋಡಿ. ಬೋಸ್ಟನ್ ಡೈನಾಮಿಕ್ಸ್ ಕಂಪನಿ 2024ರಲ್ಲಿ ತೋರಿಸಿದ ವಿದ್ಯುತ್‌ಚಾಲಿತ ರೋಬಾಟ್ ಅಟ್ಲಾಸ್ ನೆಲದಲ್ಲಿ ಮಲಗಿದ್ದು, ನಮ್ಮಿಂದಾಗದ ರೀತಿಯಲ್ಲಿ ಕಾಲುಗಳನ್ನು ಮಡಿಚಿ ಎದ್ದುನಿಂತಿತು. ಸೊಂಟ ಪೂರ್ತಿ ತಿರುಗುವ ರೋಬಾಟ್ ಇಕ್ಕಟ್ಟಾದ ಓಣಿಯಲ್ಲಿ ಇಡೀ ಮೈ ತಿರುಗಿಸದೆಯೇ ಹಿಂದಕ್ಕೆ ನಡೆಯಬಲ್ಲದು. ಇಂಥ ಒಂದು ಚಲನೆಯನ್ನು ಆರಿಸಿಕೊಂಡು, ವಿವರಣೆ ಕೊಡದೆ, ಪಾತ್ರದ ಮೊದಲ ದೃಶ್ಯದಲ್ಲಿಯೇ ತನ್ನಿ.