ಎಡಗಾಲು, ಬಲಗಾಲು: ಕುರಿ-ಮೇಕೆ ಮೂಳೆ ಅಳೆದ ನನ್ನ ಅನುಭವ

ಕುರಿಯ ಮೂಳೆ ಯಾವುದು, ಮೇಕೆಯದು ಯಾವುದು ಅಂತ ಹೇಳುವುದು ಸುಲಭವಲ್ಲ. ಕೊಂಬು ಸಿಕ್ಕರೆ ಸರಿ. ಹಳೆಯ ಊರುಗಳ ಅಗೆತದಲ್ಲಿ ಸಿಗುವುದು ಹೆಚ್ಚಾಗಿ ಚೂರುಪಾರು. ಪ್ರಾಣಿಗಳ ಮೂಳೆ ಅಧ್ಯಯನ ಮಾಡುತ್ತಿದ್ದ ಜರ್ಮನಿಯ ಬೋಸ್ನೆಕ್ 1960ರ ದಶಕದಲ್ಲೇ ಎರಡರ ವ್ಯತ್ಯಾಸಗಳನ್ನು ಒಂದೊಂದೇ ಮೂಳೆ ಹಿಡಿದು ಬರೆದಿಟ್ಟಿದ್ದರು. ಕಣ್ಣಿಗೆ ಕಾಣುವ ಆ ವ್ಯತ್ಯಾಸವನ್ನು ಅಳತೆಯಲ್ಲೂ ಹಿಡಿಯಬೇಕು ಅನ್ನುವ ಆಸೆ ನನಗೆ ಬಂತು. ಹಾಸನದ ನಮ್ಮ ಮನೆಯಲ್ಲೇ, ಉಚಿತ ಸಾಫ್ಟ್‌ವೇರ್‌ಗಳಿಂದಲೇ ಮಾಡಿದೆ.

ಆರಿಸಿಕೊಂಡಿದ್ದು ಆಸ್ಟ್ರಾಗಲಸ್. ಹಿಂಗಾಲು ಹಿಂದಕ್ಕೆ ಮಡಿಯುವ ಕೀಲಿನಲ್ಲಿರುವ ಪುಟ್ಟ, ಗಟ್ಟಿ ಮೂಳೆ. ಎರಡೂ ತುದಿಯಲ್ಲಿ ರಾಟೆಯಂಥ ತೋಡು ಇರುತ್ತದೆ. ಸೀಳುಗೊರಸಿನ ಪ್ರಾಣಿಗಳ ಗುರುತೇ ಅದು. ಪಾಕಿಸ್ತಾನದಲ್ಲಿ ಸಿಕ್ಕ ಆದಿಕಾಲದ ತಿಮಿಂಗಿಲಗಳ ಕಾಲಲ್ಲೂ ಇದೇ ಜೋಡಿ ರಾಟೆ ಇತ್ತು ಅಂತ 2001ರಲ್ಲಿ ಪ್ರಕಟವಾದಾಗ, ತಿಮಿಂಗಿಲಕ್ಕೂ ಈ ಪ್ರಾಣಿಗಳಿಗೂ ಇರುವ ನಂಟು ಗಟ್ಟಿಯಾಯಿತು. ಇಷ್ಟು ಸಣ್ಣ ಮೂಳೆ ಎಷ್ಟು ಹೇಳುತ್ತೆ ಅಲ್ವಾ!

ಮಟನ್ ಅಂಗಡಿಯಲ್ಲಿ ಕತ್ತಿ ಸರಿಯಾಗಿ ಆ ಕೀಲಿನ ಮೇಲೇ ಬೀಳುತ್ತದೆ. ‘ಅಣ್ಣಾ, ಈ ಗಂಟು ಮಾತ್ರ ಹೊಡೀಬೇಡಿ’ ಅಂತ ಕೇಳಿಕೊಂಡು ಕುರಿಯವು 12, ಮೇಕೆಯವು 12 ಕೂಡಿಸಿದೆ. ಬೇಯಿಸಿ, ಸೋಪಿನಪುಡಿ ಹಾಕಿದ ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಹಳೆ ಬ್ರಷ್‌ನಿಂದ ಉಜ್ಜಿದೆ. ಬ್ಲೀಚ್ ಮುಟ್ಟಬೇಡಿ. ಮೂಳೆಯ ಮೇಲ್ಮೈಯನ್ನೇ ಅದು ತಿನ್ನುತ್ತದೆ.

ಸ್ಕ್ಯಾನರ್ ಇರಲಿಲ್ಲ. ಫೋನ್‌ನಲ್ಲಿ ಸುತ್ತಲೂ ಫೋಟೋ ತೆಗೆದು, ಮೆಶ್‌ರೂಮ್‌ನಲ್ಲಿ ಮೂರು ಆಯಾಮದ ಮಾದರಿ ಕಟ್ಟಿದೆ. ಇದಕ್ಕೆ ನಮ್ಮೂರಿನ ಜುಲೈ ತಿಂಗಳಂಥ ಬೆಳಕು ಇನ್ನೊಂದಿಲ್ಲ. ಮೋಡ ಕವಿದಿರುವುದರಿಂದ ಜಗುಲಿಯಲ್ಲಿ ಗಾಢ ನೆರಳೇ ಬೀಳುವುದಿಲ್ಲ. ಬಿಳಿ ಮೂಳೆಯಲ್ಲಿ ಸಾಫ್ಟ್‌ವೇರ್‌ಗೆ ಹಿಡಿದುಕೊಳ್ಳಲು ಗುರುತುಗಳು ಕಡಿಮೆ. ಅದಕ್ಕೇ ಕೇಕ್ ತಿರುಗಿಸುವ ತಟ್ಟೆಯ ಮೇಲೆ ನ್ಯೂಸ್‌ಪೇಪರ್ ಹಾಸಿ ಮೂಳೆ ಇಟ್ಟೆ. ಪೇಪರ್ ಮೂಳೆಯ ಜೊತೆಗೇ ತಿರುಗಬೇಕು, ಹಿಂದಿನ ಗೋಡೆ ಖಾಲಿಯಾಗಿರಬೇಕು. ಆಮೇಲೆ ಮೂಳೆ ಮಗುಚಿ ಇನ್ನೊಂದು ಸುತ್ತು. ಎರಡನ್ನೂ ಕ್ಲೌಡ್‌ಕಂಪೇರ್‌ನಲ್ಲಿ ಜೋಡಿಸಿದೆ. ಫೋಟೋದಿಂದ ಬಂದ ಮಾದರಿಗೆ ನಿಜವಾದ ಅಳತೆ ಇರುವುದಿಲ್ಲ. ವರ್ನಿಯರ್‌ನಲ್ಲಿ ಉದ್ದ ಅಳೆದು ಅದಕ್ಕೆ ಹೊಂದಿಸಿದೆ.

ನಂತರದ್ದು ಮಾದರಿಯ ಮೇಲೆ ಗುರುತು ಹಾಕಲು ಬಳಸುವ 3ಡಿ ಸ್ಲೈಸರ್, ಅದರೊಳಗಿನ ಸ್ಲೈಸರ್‌ಮಾರ್ಫ್. ಒಂದೊಂದು ಮೂಳೆಯ ಮೇಲೂ ಅದೇ 16 ಜಾಗಗಳಲ್ಲಿ, ಅದೇ ಕ್ರಮದಲ್ಲಿ ಲ್ಯಾಂಡ್‌ಮಾರ್ಕ್, ಅಂದರೆ ಗುರುತಿನ ಬಿಂದು, ಇಡಬೇಕು. ಮೊದಲು ಒಂದೇ ಮೂಳೆಗೆ ಮೂರು ಬೇರೆ ಬೇರೆ ದಿನ ಇಟ್ಟು ನೋಡಿದೆ. ಏಣುಗಳ ತುದಿಯ ಬಿಂದುಗಳು ಹೆಚ್ಚುಕಮ್ಮಿ ಅಲ್ಲೇ ಕೂತವು. ತೋಡಿನ ‘ಅತಿ ಆಳದ ಜಾಗ’ ಅಂತ ಇಟ್ಟಿದ್ದು ಮಾತ್ರ ದಿನಕ್ಕೊಂದು ಕಡೆ ಜಾರುತ್ತಿತ್ತು. ಅದನ್ನು ಕೈಬಿಟ್ಟೆ, 15 ಉಳಿದವು. ಈ ಪರೀಕ್ಷೆ ಬೇಸರದ ಕೆಲಸ, ಆದರೆ ಇದನ್ನು ಮಾಡದೆ ಮುಂದಕ್ಕೆ ಹೋಗಲೇಬಾರದು.

ಲೆಕ್ಕ ಮಾಡಿದ್ದು ಆರ್ ಅನ್ನುವ ಲೆಕ್ಕಾಚಾರದ ಸಾಫ್ಟ್‌ವೇರ್‌ನ ಜಿಯೋಮಾರ್ಫ್ ಪ್ಯಾಕೇಜ್‌ನಲ್ಲಿ. ಪ್ರೊಕ್ರಸ್ಟೀಸ್ ವಿಧಾನ ಎಲ್ಲ ಮೂಳೆಗಳನ್ನೂ ಒಂದೇ ಕೇಂದ್ರಕ್ಕೆ ತರುತ್ತದೆ, ಒಂದೇ ಗಾತ್ರಕ್ಕೆ ತರುತ್ತದೆ, ತಿರುಗಿಸಿ ಒಂದರ ಮೇಲೊಂದು ಕೂರಿಸುತ್ತದೆ. ಆಮೇಲೆ ಉಳಿಯುವ ವ್ಯತ್ಯಾಸವೇ ಆಕಾರ.

ಒಂದೊಂದು ಮೂಳೆಯನ್ನೂ ಒಂದು ಬಿಂದುವಾಗಿ ತೋರಿಸುವ, ಆಕಾರ ಹೋಲುವವನ್ನು ಹತ್ತಿರ ಕೂರಿಸುವ ಚಿತ್ರ ತೆರೆದೆ. ಎರಡು ಗುಂಪು, ನಡುವೆ ದೊಡ್ಡ ಬಯಲು! ಖುಷಿಗೆ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಬಿಂದುಗಳಿಗೆ ಕುರಿ, ಮೇಕೆ ಅಂತ ಬಣ್ಣ ಹಚ್ಚಿದ ಮೇಲೆ ನೋಡಿದರೆ ಎರಡೂ ಗುಂಪಿನಲ್ಲಿ ಎರಡೂ ಇದ್ದವು. ಎರಡು ದಿನ ಏನೂ ತೋಚಲಿಲ್ಲ. ಕೊನೆಗೆ ಎರಡು ಗುಂಪಿನಿಂದ ಒಂದೊಂದು ಮೂಳೆ ತಂದು ಅಂಗೈ ಮೇಲಿಟ್ಟುಕೊಂಡೆ. ಒಂದು ಎಡಗಾಲಿನದು, ಇನ್ನೊಂದು ಬಲಗಾಲಿನದು.

ಎಡ ಚಪ್ಪಲಿಯನ್ನು ಎಷ್ಟು ತಿರುಗಿಸಿದರೂ ಅದು ಬಲದ್ದಾಗುವುದಿಲ್ಲ. ಹಾಗೇ ಇದೂ. ಪ್ರೊಕ್ರಸ್ಟೀಸ್ ಜಾಗ, ಗಾತ್ರ, ದಿಕ್ಕು ತೆಗೆಯುತ್ತದೆ. ಕನ್ನಡಿ ಬಿಂಬದ ವ್ಯತ್ಯಾಸ ಹಾಗೇ ಉಳಿಯುತ್ತದೆ. ಬಿಂಬ ಮಗುಚುವುದಕ್ಕೂ ಅವಕಾಶ ಕೊಡುವ ಪ್ಯಾಕೇಜ್‌ಗಳಿವೆ. ಅಲ್ಲಾಗಿದ್ದರೆ ಎಡ-ಬಲ ಬೆರೆತಿರುವುದು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ಸರಿಪಡಿಸಲು ಮತ್ತೆ ಬಿಂದು ಇಡಬೇಕಾಗಿಲ್ಲ. ಎಡ ಮೂಳೆಗಳ ಬಿಂದುಗಳ ಎಕ್ಸ್ ಅಂಕಿಗಳನ್ನೆಲ್ಲ (ಮೂರು ಆಯಾಮಗಳಲ್ಲಿ ಒಂದರ ಸ್ಥಾನ) -1ರಿಂದ ಗುಣಿಸಿದರೆ ಸಾಕು. ಒಂದೇ ಸಾಲಿನ ಕೋಡ್.

ಮತ್ತೆ ಲೆಕ್ಕ ಮಾಡಿದಾಗ ಬಯಲು ಮಾಯವಾಯಿತು. ಅದರ ಜಾಗದಲ್ಲಿ ನಿಜವಾದ ವ್ಯತ್ಯಾಸ ಬಂತು. ಕುರಿಗಳು ಒಂದು ಕಡೆ, ಮೇಕೆಗಳು ಒಂದು ಕಡೆ, ಅಂಚಿನಲ್ಲಿ ಸ್ವಲ್ಪ ಬೆರಕೆ. ಎರಡು ಮೇಕೆಗಳು ಕುರಿಗಳ ನಡುವೆ ಕೂತಿದ್ದವು. ಒಂದನ್ನು ಕೈಗೆತ್ತಿಕೊಂಡೆ. ಮೇಲ್ಮೈಯೆಲ್ಲ ಸಣ್ಣ ಸಣ್ಣ ತೂತು, ಏಣುಗಳು ಇನ್ನೂ ಮೊಂಡು. ಎಳೆ ಮರಿಯದು. ಇನ್ನೊಂದು ಬೆಳೆದದ್ದೇ. ಅದಕ್ಕೆ ಬಿಂದುಗಳನ್ನು ಮತ್ತೆ ಇಟ್ಟು ನೋಡಿದೆ. ಹೆಚ್ಚೇನೂ ಕದಲಲಿಲ್ಲ. ಹಾಗಾಗಿ ಅದನ್ನು ತೆಗೆಯದೆ ಹಾಗೇ ಬಿಟ್ಟಿದ್ದೇನೆ.

ಈಗ ಅಂಗಡಿಗೆ ಹೋಗುವಾಗ ಪೆನ್ನು, ಚೀಟಿ, ಸಣ್ಣ ಕವರ್‌ಗಳು ಕೈಯಲ್ಲಿರುತ್ತವೆ. ಅಣ್ಣ ಕಾಲು ಬಿಡಿಸುವಾಗಲೇ ಕುರಿಯೋ ಮೇಕೆಯೋ, ಎಡವೋ ಬಲವೋ, ವಯಸ್ಸು ಸುಮಾರು ಎಷ್ಟು ಅಂತ ಕೇಳಿ ಬರೆದುಕೊಳ್ಳುತ್ತೇನೆ. ಮುಂದಿನ 20 ಮೂಳೆ ಹೀಗೇ ಕೂಡುತ್ತಿವೆ.